ಮೊರದಲ್ಲಿ ಒಣಗಲಿಟ್ಟ ದೀಪಾವಳಿ

ಜುಲೈ ಬಂತೆಂದರೆ ಟೆಕ್ಸಸ್‌ನ ನಮ್ಮ ಕನ್ನಡ ಮನೆಗಳಲ್ಲಿ ಒಂದು ಚಿಂತೆ ಶುರುವಾಗುತ್ತದೆ. ದೀಪಾವಳಿ ಬರುವುದು ಅಕ್ಟೋಬರ್‌ನಲ್ಲೋ ನವೆಂಬರ್‌ನಲ್ಲೋ. ಆಗ ಇಲ್ಲಿ ಪಟಾಕಿ ಸಿಗುವುದಿಲ್ಲ. ಊರಾಚೆಯ ರಸ್ತೆ ಬದಿಯಲ್ಲಿ ಹಲಗೆಯ ಅಂಗಡಿಗಳು ಏಳುವುದು ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಹಬ್ಬಕ್ಕೆ, ಮತ್ತೆ ಹೊಸ ವರ್ಷಕ್ಕೆ. ಹಾಗಾಗಿ ನಾವು ಜುಲೈಯಲ್ಲೇ ಎರಡು ಹಬ್ಬಕ್ಕಾಗುವಷ್ಟು ಕೊಂಡುಬಿಡುತ್ತೇವೆ. ಅರ್ಧ ಹಚ್ಚುತ್ತೇವೆ. ಇನ್ನರ್ಧ ಗ್ಯಾರೇಜಿನಲ್ಲಿ ಎತ್ತಿಡುತ್ತೇವೆ.

ನನ್ನ ಅಕ್ಕ ಅಹಲ್ಯಾಳ ಮನೆಯಲ್ಲೂ ಹೀಗೆಯೇ ನಡೆದಿತ್ತು. ಅಕ್ಕ ಮತ್ತು ಭಾವ ಮುರಳೀಧರ ಹ್ಯೂಸ್ಟನ್‌ನ ಕ್ಲಿಯರ್ ಲೇಕ್‌ನಲ್ಲಿದ್ದರು. ಭಾವ ಅಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್. ಅವರ ಮಗಳು ವಸಂತಾಗೆ ಆಗ ಎಂಟು ವರ್ಷ. ನಾನು ಆಸ್ಟಿನ್‌ನಲ್ಲಿ ಎಂ.ಎಸ್. ಓದುತ್ತಿದ್ದೆ. 1973ರ ಜುಲೈ ರಜೆಗೆ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಆ ಬೇಸಿಗೆಯಲ್ಲಿ ಭಾವನ ತಾಯಿ ಶಾರದಮ್ಮನವರೂ ಹಾಸನದಿಂದ ಬಂದಿದ್ದರು. ಬರುವಾಗ ಅಕ್ಕಿ ಕೇರಲೆಂದು ಒಂದು ಬಿದಿರಿನ ಮೊರವನ್ನೂ ತಂದಿದ್ದರು. ಹೆಚ್ಚು ಮಾತಾಡುವವರಲ್ಲ ಅವರು. ಅವರೂ ನಾನೂ ವರಾಂಡದಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂತಿರುತ್ತಿದ್ದೆವು. ಇಬ್ಬರಿಗೂ ಅದು ಕಷ್ಟವಾಗುತ್ತಿರಲಿಲ್ಲ.

ಹಿಂದಿನ ದೀಪಾವಳಿಯ ದಿನ ಜೋರು ಮಳೆಯಾಗಿ, ಎತ್ತಿಟ್ಟ ಪಟಾಕಿಯೆಲ್ಲ ಹಾಗೆಯೇ ಉಳಿದಿತ್ತು. ಹ್ಯೂಸ್ಟನ್ನಿನ ಗಾಳಿಯಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಪಟಾಕಿ ಕೇಳಬೇಕೆ? ಜುಲೈ ನಾಲ್ಕರ ಬೆಳಿಗ್ಗೆ ಭಾವ ಅದನ್ನೆಲ್ಲ ಹೊರಗೆ ತಂದರು. ತಮ್ಮ ತಾಯಿಯ ಮೊರದಲ್ಲಿ ಹರಡಿ, ಕಾರು ನಿಲ್ಲಿಸುವ ಸಿಮೆಂಟಿನ ನೆಲದ ಮೇಲೆ ಬಿಸಿಲಿಗೆ ಇಟ್ಟರು. ಸುರುಸುರುಬತ್ತಿ, ಹೂಕುಂಡ, ಕೆಂಪು ಕಾಗದದ ಸರ. ಊರಿನಲ್ಲಿ ನಾವೆಲ್ಲ ಹಬ್ಬಕ್ಕೆ ಮುಂಚೆ ಮಾಡುತ್ತಿದ್ದುದೂ ಇದೇ.

"ವಸಂತಾ, ಆಗಾಗ ತಿರುವಿ ಹಾಕು ಪುಟ್ಟಿ. ಹಪ್ಪಳ ತಿರುವೋ ಹಾಗೆ" ಎಂದರು ಭಾವ.

"ಐ ನೋ, ಅಪ್ಪಾ. ಸುರುಸುರುಬತ್ತಿ ಈಸ್ ಮೈನ್. ಓಕೆ?"

"ಎಲ್ಲಾ ನಿಂದೇ ಕಣಮ್ಮ, ತಗೋ."

ಅವರು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಶಾರದಮ್ಮ ಎದ್ದರು. ಸದ್ದಿಲ್ಲದೆ ಮೊರವನ್ನು ಎತ್ತಿ ವರಾಂಡದ ನೆರಳಿಗೆ ತಂದಿಟ್ಟರು. ಭಾವ ಹೊರಬಂದು ನೋಡಿ ಮತ್ತೆ ಬಿಸಿಲಿಗೆ ಎಳೆದರು. ಅವರು ಆಚೆ ಹೋದ ಮೇಲೆ ಶಾರದಮ್ಮ ಮತ್ತೆ ನೆರಳಿಗೆ ತಂದರು.

"ಏನಮ್ಮಾ ನೀನು? ನೆರಳಲ್ಲಿ ಇಟ್ಟರೆ ಒಣಗುತ್ತಾ?" ಭಾವನಿಗೆ ಸ್ವಲ್ಪ ಸಿಟ್ಟೇ ಬಂತು.

ಶಾರದಮ್ಮ ಮೊರವನ್ನು ಬಿಟ್ಟುಕೊಟ್ಟರು. ಸೆರಗನ್ನು ಬಿಗಿಯಾಗಿ ಹೊದ್ದು ಕುರ್ಚಿಯಲ್ಲಿ ಕೂತರು.

ಮಧ್ಯಾಹ್ನದ ಊಟಕ್ಕೆ ಪ್ರೇಮಾ ಬಂದರು. ಅವರು ಧಾರವಾಡದ ಕಡೆಯವರು, ಹ್ಯೂಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಸುಟ್ಟಗಾಯದ ವಾರ್ಡಿನ ನರ್ಸು. ಅಕ್ಕನಿಗೆ ಆಪ್ತ ಗೆಳತಿ. ಬಾಗಿಲಲ್ಲೇ ಮೊರವನ್ನು ನೋಡಿ ನಿಂತುಬಿಟ್ಟರು.

"ಏನ್ ನಡಸೀರಿ ಅಣ್ಣಾರ? ಪಟಾಕಿ ಸಂಡಿಗಿ ಹಂಗ ಒಣಗಸಾಕ ಹತ್ತೀರಲ್ರಿ?"

"ನೆಂದಿತ್ತು ಕಣ್ರೀ. ಬಿಸಿಲು ಕಂಡ್ರೆ ಸರಿಹೋಗುತ್ತೆ."

"ಸುತ್ತಮುತ್ತ ಎಲ್ಲಾ ಹುಡುಗರು ಮುಂಜಾನಿಂದ ಹಾರಸ್ಲಿಕ್ಕೆ ಹತ್ಯಾರ. ಒಂದು ಕಿಡಿ ಬಂದು ಬಿದ್ರ? ಹಳೇ ಪಟಾಕಿ ಒಣಗಸಬಾರದ್ರಿ. ಬಕೆಟ್ ನೀರಾಗ ಮುಳುಗಿಸಿ ಇಟ್ಟು, ಆಮ್ಯಾಲೆ ಒಗೀಬೇಕು."

ಭಾವ ನಕ್ಕರು. "ಚಂದ್ರನ ಮೇಲೆ ಜನ ಇಳಿಸಿದ ಊರು ಇದು. ಇಲ್ಲಿ ಕೂತು ಸುರುಸುರುಬತ್ತಿಗೆ ಹೆದರಬೇಕಾ ಪ್ರೇಮಾ?"

"ನಿಮ್ಮ ರಾಕೆಟ್ಟೂ ಮೊರದಾಗ ಒಣಗಸ್ತಾರೇನ್ರಿ?"

ಎಲ್ಲರೂ ನಕ್ಕೆವು. ಶಾರದಮ್ಮ ನಗಲಿಲ್ಲ. ನಗುವಿನಲ್ಲಿ ಮಾತು ತೇಲಿಹೋಯಿತು. ಮೊರ ಬಿಸಿಲಿನಲ್ಲೇ ಉಳಿಯಿತು.

ಊಟಕ್ಕೆ ಕೂತಾಗ ಅಕ್ಕ ಎಲ್ಲರಿಗೂ ತುಪ್ಪ ಬಡಿಸಿದಳು. ಭಾವನಿಗೆ ಬಾಲ್ಯದ ನೆನಪುಗಳು ಬಂದವು. ಹಬ್ಬದ ಬೆಳಗಿನ ಎಣ್ಣೆಸ್ನಾನ, ಹಂಡೆಯ ಬಿಸಿನೀರು, ಅಟ್ಟದ ಮೇಲಿದ್ದ ಪಟಾಕಿಯ ಡಬ್ಬ. "ನಮ್ಮಪ್ಪ ಮಾತ್ರ ಹೋಳಿಗೆಗೂ ತುಪ್ಪ ಹಾಕಿಸಿಕೊಳ್ತಿರಲಿಲ್ಲ" ಎಂದರು. "ವಾಸನೆ ಬಂದ್ರೇ ಎದ್ದು ಹೋಗೋರು. ಏನು ವಿಚಿತ್ರವೋ!" ಶಾರದಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ.

ಊಟ ಮುಗಿದು ಅಕ್ಕ, ಪ್ರೇಮಾ ಪಾತ್ರೆ ತೊಳೆಯುತ್ತಿದ್ದರು. ವಸಂತಾ ಪಟಾಕಿ ತಿರುವಿ ಹಾಕಲು ಹೊರಗೆ ಹೋದಳು. ಎಲ್ಲಿಂದಲೋ ಒಂದು ಪುಟ್ಟ ರಾಕೆಟ್ಟು ಸುಂಯ್ ಎಂದು ಬಂದು, ಸಿಮೆಂಟಿನ ಮೇಲೆ ಉರುಳಿ, ಮೊರಕ್ಕೆ ತಾಗಿ ನಿಂತಿತು. ಅದನ್ನು ಹಾರಿಸಿದವರು ಯಾರೆಂದು ನಮಗೆ ಇವತ್ತಿಗೂ ತಿಳಿಯದು. ಆ ದಿನ ಎಲ್ಲರ ಅಂಗಳದಿಂದಲೂ ಹಾರುತ್ತಿದ್ದವು.

ದೊಡ್ಡವರಾಗಿದ್ದರೆ ಹಿಂದಕ್ಕೆ ಓಡುತ್ತಿದ್ದರು. ಮಗು ಮುಂದಕ್ಕೆ ಓಡಿತು. ಮೊರದಲ್ಲಿ ಅವಳ ಸುರುಸುರುಬತ್ತಿ ಇತ್ತು.

ಬುಸ್ಸೆಂದು ಬಿಳಿಯ ಬೆಂಕಿ ಎದ್ದಿತು. ವರಾಂಡದಲ್ಲಿದ್ದ ನಾನೂ ಭಾವನೂ ಓಡಿ ಅವಳನ್ನು ಎಳೆದುಕೊಳ್ಳುವಷ್ಟರಲ್ಲಿ ಬಲಗೈ ಸುಟ್ಟಿತ್ತು. ನೈಲಾನ್ ಫ್ರಾಕಿನ ತೋಳು ಕರಗಿ ಚರ್ಮಕ್ಕೆ ಅಂಟಿತ್ತು. ಭಾವ ಅಂಗಳದಲ್ಲಿ ಬಿದ್ದಿದ್ದ ತೋಟದ ಪೈಪನ್ನು ಎತ್ತಿಕೊಂಡರು.

"ಬ್ಯಾಡ್ರಿ ಅಣ್ಣಾರ!" ಒಳಗಿನಿಂದ ಓಡಿಬಂದ ಪ್ರೇಮಾ ಕೂಗಿದರು. "ಬಿಸಿಲಾಗ ಬಿದ್ದ ಪೈಪು, ಒಳಗಿನ ನೀರು ಕುದೀತಿರ್ತದ. ಅಡಗಿಮನಿಗೆ ಕರಕೊಂಡು ನಡೀರಿ!"

ಸಿಂಕಿನ ನಲ್ಲಿಯ ಕೆಳಗೆ ಮಗುವಿನ ಕೈ ಹಿಡಿದರು. ಮೊದಲು ಅವಳ ಬಳೆ ಬಿಚ್ಚಿದರು. "ಕೈ ಬಾತ್ರ ಆಮ್ಯಾಲೆ ಬಳಿ ಬರೂದಿಲ್ಲ." ಅಂಟಿದ ಬಟ್ಟೆಯನ್ನು ಅಕ್ಕ ಕೀಳಲು ಹೋದಾಗ ತಡೆದರು. "ಅದನ್ನ ಮುಟ್ಟಬ್ಯಾಡ್ರಿ. ಚರ್ಮಾನ ಕಿತ್ತು ಬರ್ತದ. ಡಾಕ್ಟರ್ ತೆಗೀತಾರ."

"ನೀರು ಹಾಕಿದ್ರೆ ಬೊಬ್ಬೆ ಏಳುತ್ತೆ ಅಂತಾರಲ್ಲ ಪ್ರೇಮಾ!" ಅಕ್ಕ ಅಳುತ್ತಿದ್ದಳು.

"ಬೊಬ್ಬೆ ಏಳೂದು ಬೆಂಕಿಯಿಂದರಿ, ನೀರಿಂದಲ್ಲ. ಹೊರಗ ಬೆಂಕಿ ಆರೇದ, ಕೈಯೊಳಗ ಇನ್ನೂ ಸುಡ್ತದ. ಅನ್ನ ಬೇಯುವಷ್ಟು ಹೊತ್ತು ನೀರು ಬಿಡಬೇಕು. ಇಪ್ಪತ್ತು ನಿಮಿಷ."

ವಸಂತಾ ಚೀರುತ್ತಿದ್ದಳು. ಆ ಚೀರಾಟದಲ್ಲಿ ಇಪ್ಪತ್ತು ನಿಮಿಷ ಎಂದರೆ ಎಷ್ಟೆಂದು ಯಾರಿಗೂ ಗೊತ್ತಿರುವುದಿಲ್ಲ. ಸ್ವಲ್ಪ ಹೊತ್ತಿಗೇ ಅಕ್ಕನ ಧೈರ್ಯ ಮುಗಿಯಿತು. ತುಪ್ಪದ ಬಟ್ಟಲು ತಂದಳು. ಭಾವ ಕೈ ಚಾಚಿದರು.

"ಸಾಕು ಪ್ರೇಮಾ, ಮಗು ನಡುಗ್ತಿದೆ. ತುಪ್ಪ ಹಚ್ಚೋಣ."

"ತುಪ್ಪ ಹಚ್ಚಿದ್ರ ಬಿಸಿ ಒಳಗ ಉಳೀತದ್ರಿ. ಗಾಯ ಕೆಡ್ತದ. ಕೈ ತೋಯಿಸ್ರಿ, ಮೈ ಬೆಚ್ಚಗ ಟವೆಲ್ ಹೊದಸ್ರಿ. ನನ್ನ ಮಾತು ಕೇಳ್ರಿ."

"ನಮ್ಮ ಮನೇಲಿ ತಾತನ ಕಾಲದಿಂದ ತುಪ್ಪಾನೇ ಹಚ್ಚಿರೋದು!" ಭಾವನ ದನಿ ಏರಿತು. "ಯಾರಿಗೆ ಏನಾಗಿದೆ ಹೇಳಿ? ಯಾರಿಗೆ ಏನಾಗಿದೆ?"

"ಭೀಮೂಗೆ ಆಗಿದೆ."

ಶಾರದಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮುಂದೆ ಬಂದು ಮಗನ ಕೈಯಿಂದ ತುಪ್ಪದ ಬಟ್ಟಲನ್ನು ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿದರು. "ನೀರು ಬಿಡಮ್ಮಾ ಪ್ರೇಮಾ. ನಿಲ್ಲಿಸಬೇಡ."

ಭೀಮಸೇನ ಭಾವನ ತಮ್ಮ. ಏಳು ವರ್ಷದವನಿದ್ದಾಗ ಜ್ವರದಲ್ಲಿ ತೀರಿಕೊಂಡ ಎಂದು ಅಕ್ಕನಿಗೂ ನನಗೂ ಗೊತ್ತಿತ್ತು. ಭಾವನಿಗೂ ಗೊತ್ತಿದ್ದುದು ಅಷ್ಟೇ. ಆಗ ಭಾವ ಓದಲು ಮೈಸೂರಿನ ಸೋದರಮಾವನ ಮನೆಯಲ್ಲಿದ್ದರು.

ವಸಂತಾಳ ಕೈಗೆ ಒದ್ದೆ ಮಾಡಿದ ಶುಭ್ರ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಕರೆದೊಯ್ದೆವು. ಅವಳನ್ನು ಒಳಗೆ ಕರೆದುಕೊಂಡರು. ಹೊರಗಿನ ಬೆಂಚಿನಲ್ಲಿ ಶಾರದಮ್ಮ ಮಗನ ಪಕ್ಕ ಕೂತು ಹೇಳಿದರು. ದನಿ ಏರಲಿಲ್ಲ, ಇಳಿಯಲಿಲ್ಲ.

"ಆ ದೀಪಾವಳೀಲೂ ಜಡಿಮಳೆ ಕಣೋ. ಪಟಾಕಿ ಮೆತ್ತಗಾಗಿತ್ತು. ಒಲೆ ಪಕ್ಕ ಮೊರ ಇಟ್ಟಿದ್ದೆ, ಒಣಗಲಿ ಅಂತ. ಸೌದೆ ಕಿಡಿ ಹಾರ್ತು. ಮಗು ತನ್ನದು ಸುಟ್ಟುಹೋಗುತ್ತೆ ಅಂತ ಕೈ ಹಾಕ್ತು. ನಿಮ್ಮಪ್ಪ ತುಪ್ಪ ಹಚ್ಚಿದ್ರು. ಮೇಲೆ ಮಸಿ ಹಚ್ಚಿದ್ರು. ನೀರು ಸೋಕಿಸಬಾರದು ಅಂತ ಕಾದ್ವಿ. ಕೈ ಕೀವಾಯ್ತು. ಆಮೇಲೆ ಜ್ವರ ಬಂತು. ಜ್ವರ ಅಂದೆವಲ್ಲ, ಅಷ್ಟು ಮಾತ್ರ ನಿಜ."

ಭಾವ ನೆಲ ನೋಡುತ್ತಿದ್ದರು.

"ಅದಕ್ಕೇ ಅಪ್ಪ ತುಪ್ಪ..." ಎಂದರು.

"ಅವತ್ತಿಂದ ಮುಟ್ಟಲಿಲ್ಲ."

"ಬೆಳಿಗ್ಗೆ ಹೇಳಬಾರದಿತ್ತೇನಮ್ಮಾ?"

"ಹೇಗೆ ಹೇಳಲಿ? ಮೊರ ಇಟ್ಟೋಳು ನಾನು ಅಂತ ಹೇಳಬೇಕಲ್ಲ."

ಮೌನ ಎಂದರೆ ನನಗೆ ಇಷ್ಟ. ಆದರೆ ಆ ಬೆಂಚಿನ ಮೇಲಿದ್ದ ಮೌನವನ್ನು ನೆನೆದರೆ ಈಗಲೂ ಭಯವಾಗುತ್ತದೆ. ಮೂವತ್ತು ವರ್ಷ ಒಂದು ಮನೆಯಲ್ಲಿ ಬಾಳಿ, ಸಮುದ್ರ ದಾಟಿ ಬಂದು, ಆ ಮೌನವೇ ಇನ್ನೊಂದು ಮೊರದಲ್ಲಿ ಮತ್ತೆ ಪಟಾಕಿ ಒಣಗಲು ಇಡಿಸಿತ್ತು.

ಪ್ರೇಮಾ ಒಳಗಿನಿಂದ ಬಂದು ಡಾಕ್ಟರು ಹೇಳಿದ್ದನ್ನು ತಿಳಿಸಿದರು. ಪ್ರಾಣಕ್ಕೆ ಅಪಾಯವಿಲ್ಲ. ತಕ್ಷಣ ನೀರು ಬಿಟ್ಟಿದ್ದರಿಂದ ಸುಡುವುದು ಅಲ್ಲಿಗೇ ನಿಂತಿತ್ತು. ಬೆರಳುಗಳು ಉಳಿಯುತ್ತವೆ. ಆದರೆ ತೊಡೆಯ ಚರ್ಮ ತೆಗೆದು ಕೈಗೆ ಹಾಕಬೇಕು.

ಸಂಜೆ ಭಾವ, ನಾನು ಮನೆಗೆ ಹೋದೆವು. ಗ್ಯಾರೇಜಿನಲ್ಲಿ, ನೀರು ಕಾಯಿಸುವ ಹೀಟರಿನ ಪಕ್ಕದ ಕಪಾಟಿನಲ್ಲೇ ಆ ವರ್ಷದ ಹೊಸ ಪಟಾಕಿಯ ಪೆಟ್ಟಿಗೆ ಇತ್ತು. ಅದನ್ನೂ ಅಂಗಳದಲ್ಲಿ ಉಳಿದದ್ದನ್ನೂ ಭಾವ ಎರಡು ಬಕೆಟ್ ನೀರಿನಲ್ಲಿ ಮುಳುಗಿಸಿದರು. ಕಾಗದಗಳು ಬಣ್ಣ ಬಿಟ್ಟು ನೀರು ಕೆಂಪಾಯಿತು. ಕೆರೆಯ ಕಡೆ ಆಕಾಶದಲ್ಲಿ ಊರಿನವರ ಬಾಣಬಿರುಸುಗಳು ಅರಳುತ್ತಿದ್ದವು. ಭಾವ ತಲೆ ಎತ್ತಿ ನೋಡಲಿಲ್ಲ. "ಇನ್ನು ಈ ಮನೇಲಿ ಪಟಾಕಿ ಎತ್ತಿಡೋದು ಇಲ್ಲ" ಎಂದರು. ನನಗೆ ಹೇಳಿದ್ದೋ, ಬಕೆಟ್ಟಿಗೆ ಹೇಳಿದ್ದೋ ತಿಳಿಯಲಿಲ್ಲ.

ಈಗ ಎರಡು ವರ್ಷವಾಗಿದೆ. ವಸಂತಾಳ ಕಿರುಬೆರಳೂ ಅದರ ಪಕ್ಕದ ಬೆರಳೂ ಪೂರ್ತಿ ಬಿಡಿಸಲು ಬರುವುದಿಲ್ಲ. ಬರೆಯುತ್ತಾಳೆ, ಪುಸ್ತಕ ಹಿಡಿಯುತ್ತಾಳೆ. ಫೋಟೊ ತೆಗೆಯುವಾಗ ಮಾತ್ರ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾಳೆ. ಶಾರದಮ್ಮ ಊರಿಗೆ ಹೋದರು, ಹೋದ ಚಳಿಗಾಲದಲ್ಲಿ ತೀರಿಕೊಂಡರು. ಹೋದ ದೀಪಾವಳಿಗೆ ಅಕ್ಕ ಬರೀ ಹಣತೆ ಹಚ್ಚಿದಳು. ಹಣತೆಗಳ ಮುಂದೆ ಕೂತು ವಸಂತಾ ಕೇಳಿದಳು: "ಅಪ್ಪಾ, ಹೂ ವಾಸ್ ಭೀಮೂ?"

ಭಾವ ಅವಳ ಪಕ್ಕ ಬಂದು ಕೂತರು. ಆಮೇಲೆ ಮೊದಲಿನಿಂದ ಹೇಳಿದರು. ಮಳೆ, ಒಲೆ, ಮೊರ, ತುಪ್ಪ. ಏನನ್ನೂ ಬಿಡಲಿಲ್ಲ. ಮಗು ತನ್ನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೊನೆಯವರೆಗೆ ಕೇಳಿತು.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ನಿನ ನನ್ನ ಕನ್ನಡ ಬಂಧುಗಳೇ, ಮತ್ತೆ ಜುಲೈ ಬರುತ್ತಿದೆ. ಇವತ್ತೇ ನಿಮ್ಮ ಗ್ಯಾರೇಜಿನ ಕಪಾಟು ತೆರೆದು ನೋಡಿ. ಹಳೆಯ ಪಟಾಕಿ ಇದ್ದರೆ ಒಣಗಿಸಬೇಡಿ. ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ, ಆಮೇಲೆ ಎಸೆಯಿರಿ. ದೀಪಾವಳಿಗೆಂದು ಎತ್ತಿಡಬೇಡಿ. ಹಬ್ಬದ ದಿನ ಮಕ್ಕಳಿಗೆ ಹತ್ತಿ ಬಟ್ಟೆ ಹಾಕಿ. ಪಟಾಕಿಯನ್ನು ದೊಡ್ಡವರೇ ಹಚ್ಚಲಿ, ಮಕ್ಕಳು ದೂರ ನಿಂತು ನೋಡಲಿ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಅಷ್ಟಾದರೂ ಸುಟ್ಟರೆ, ಮೊದಲು ಬಳೆ, ಉಂಗುರ ತೆಗೆದು ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಡಿ. ತುಪ್ಪ ಬೇಡ, ಮಸಿ ಬೇಡ, ಟೂತ್‌ಪೇಸ್ಟ್ ಬೇಡ, ಐಸೂ ಬೇಡ. ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ಕೆಲಸ ಇದೆ, ಅದು ಇವೆಲ್ಲಕ್ಕಿಂತ ಕಷ್ಟದ್ದು. ನಿಮ್ಮ ಮನೆಯಲ್ಲೂ ಯಾರೂ ಹೆಸರೆತ್ತದ ಒಬ್ಬ ಭೀಮೂ ಇದ್ದಿರಬಹುದು. ಈ ಹಬ್ಬಕ್ಕೆ ಮುಂಚೆ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ. ಅವನಿಗೆ ಏನಾಯಿತೆಂದು ಹೇಳಿ.