ದಾರ ಕಡಿಯುವ ಹಲ್ಲು

ಊರವರ ಬಾಯಿಗೆಲ್ಲ ಹಲ್ಲು ಕಟ್ಟಿ ಸೈ ಎನ್ನಿಸಿಕೊಂಡವನಿಗೆ ಹೆತ್ತ ತಾಯಿಯ ಬಾಯಿ ಮಾತ್ರ ಒಲಿಯಲಿಲ್ಲ. ಅವನು ಮುತುವರ್ಜಿಯಿಂದ ಮಾಡಿಕೊಟ್ಟ ಹಲ್ಲಿನ ಸೆಟ್ಟು ನೀರಿನ ಲೋಟದಲ್ಲೇ ಬಿದ್ದಿತ್ತು. ಜೀವಮಾನವಿಡೀ ಬಟ್ಟೆ ಹೊಲಿದ ಅಮ್ಮ ಈಗ ಹೊಲಿಗೆ ಯಂತ್ರಕ್ಕೆ ಬೆಡ್‌ಶೀಟು ಹೊದಿಸಿ, ಎರಡು ಗುಟುಕು ಗಂಜಿ ಕುಡಿದು ಗೋಡೆ ನೋಡುತ್ತ ಕೂರುತ್ತಿದ್ದಳು. ದಿನೇದಿನೇ ಇಳಿದುಹೋಗುತ್ತಿದ್ದಳು. ಹೀಗೇ ಬಿಟ್ಟರೆ ಅಮ್ಮ ಉಳಿಯುವುದಿಲ್ಲ ಎಂಬ ಭಯ ಅವನನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ.

"ಹಾಕ್ಕೊಂಡು ಒಂದು ತುತ್ತು ತಿನ್ನಮ್ಮ."

"ಹಲ್ಲೇನೋ ಚೆನ್ನಾಗಿದೆ ಕಣೋ. ನನ್ನದಲ್ಲ, ಅಷ್ಟೆ."

ಅವನು ಲೋಟ ಎತ್ತಿಕೊಂಡು ಕೆಲಸದ ಕೋಣೆಗೆ ಬಂದ. ಕೂತ, ಎದ್ದ, ಕಿಟಕಿ ತೆರೆದ, ಮುಚ್ಚಿದ. ಮೇಜಿನ ಮೇಲೆ ಇನ್ನೊಂದು ತಲೆನೋವು ಕಾದಿತ್ತು: ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಲಿರುವ ಆದಿಮಾನವರ ಕಾಲದ ಹೆಂಗಸಿನ ಬೊಂಬೆಗೆ ಹಲ್ಲು. ಬೊಂಬೆ ಮಾಡುತ್ತಿದ್ದ ಶಿಲ್ಪಿ ಬಂದು ನೋಡಿದವಳೇ ನಕ್ಕುಬಿಟ್ಟಳು.

"ಏನ್ರೀ ಇದು? ಲಕ್ಷಾಂತರ ವರ್ಷದ ಹಿಂದಿನ ಹೆಂಗಸಿಗೆ ಮದುವೆ ಹೆಣ್ಣಿನ ಹಲ್ಲು ಕೂರಿಸಿದೀರಲ್ಲ!"

"ಅಭ್ಯಾಸಬಲ ಮೇಡಂ."

ಅವಳು ಚೀಲದಿಂದ ಆ ಕಾಲದವರ ದವಡೆಗಳ ಅಚ್ಚು ತೆಗೆದಳು. ಮುಂದಿನ ಹಲ್ಲುಗಳು ಸವೆದು ಮೊಂಡಾಗಿದ್ದವು, ಮೇಲೆಲ್ಲ ಗೀರು.

"ತೊಗಲನ್ನ ಹಲ್ಲಲ್ಲಿ ಕಚ್ಚಿ ಹಿಡ್ದು, ಒಂದು ಕೈಲಿ ಎಳೆದು, ಇನ್ನೊಂದು ಕೈಲಿ ಕಲ್ಲಿನ ಚೂರಿಂದ ಕೊಯ್ತಿದ್ರು. ಕಲ್ಲು ಜಾರಿ ಬಿದ್ದ ಗೀರು ಇವು. ಅವರಿಗೆ ಬಾಯಿ ಅಂದ್ರೆ ಮೂರನೇ ಕೈ. ನೋಡಿ, ಮೇಲಿನ ಹಲ್ಲು ನಮ್ಮ ಹಾಗೆ ಕೆಳಗಿನದನ್ನ ಮುಚ್ಚಲ್ಲ. ಸವೆದು ಸವೆದು ಅಂಚಿಗೆ ಅಂಚು ಕೂತಿದೆ."

ಅವನು ಅಚ್ಚನ್ನು ಕೈಗೆತ್ತಿಕೊಂಡ. ಅಮ್ಮನ ಸ್ವಂತ ಹಲ್ಲೂ ಹೀಗೇ ಇತ್ತು! ಕತ್ತರಿ ಹುಡುಕಿದವಳೇ ಅಲ್ಲ ಅವಳು; ಬಟ್ಟೆಯನ್ನು ಬಾಯಿಗೊಯ್ದು ದಾರವನ್ನು ಟಕ್ಕನೆ ಕಡಿಯುತ್ತಿದ್ದಳು. ಸೂಜಿ ಕಚ್ಚಿಕೊಂಡೇ ಅವನನ್ನು ಬೈಯುತ್ತಿದ್ದಳು. ಮುಂದಿನ ಹಲ್ಲಿನ ಅಂಚಿನಲ್ಲಿ ದಾರ ಕೊರೆದ ಸಣ್ಣ ಕಚ್ಚೊಂದಿತ್ತು. ಹೊಸ ಸೆಟ್ಟಿನಲ್ಲಿ ಅದನ್ನು ಕೈಬಿಟ್ಟವನೂ ಅವನೇ, ಮುಖ ಚೆನ್ನಾಗಿ ಕಾಣಲೆಂದು ಮೇಲಿನ ಸಾಲನ್ನು ಮುಂದೆ ತಂದವನೂ ಅವನೇ. ಅಮ್ಮನ ಒಂದು ಕೈಯನ್ನೇ ಕಿತ್ತುಕೊಂಡೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ನಿಮ್ಮ ಬೊಂಬೆ ಅಜ್ಜಿ ಸ್ವಲ್ಪ ಕಾಯ್ಲಿ ಮೇಡಂ. ಇಷ್ಟು ಕಾಲ ಕಾದಿದಾಳೆ," ಎಂದವನೇ ಲೋಟಕ್ಕೆ ಕೈಹಾಕಿದ.

ಮುಂದಿನ ಹಲ್ಲುಗಳನ್ನು ಬಿಡಿಸಿ, ಮೇಣದಲ್ಲಿ ಅಂಚಿಗೆ ಅಂಚು ಕೂರಿಸಿ, ಸೆಟ್ಟನ್ನು ಹೊಸದಾಗಿ ಕಟ್ಟಿದ. ಕೊನೆಗೆ ಸಣ್ಣ ಅರದಿಂದ ಆ ಕಚ್ಚನ್ನೂ ಕೊರೆದ. ಬೇಕೆಂದೇ ಒಂದು ಹಲ್ಲು ಕೆಡಿಸಿದ್ದು ಇದೇ ಮೊದಲು.

ಮರುದಿನ ಸಂಜೆ ಅಮ್ಮ ಅದನ್ನು ಬಾಯಿಗಿಟ್ಟುಕೊಂಡು ನಾಲಿಗೆಯಿಂದ ತಡವಿದಳು. ನಾಲಿಗೆ ಒಂದು ಕಡೆ ನಿಂತಿತು. ಅವಳು ಎದ್ದು ಹೋಗಿ ಯಂತ್ರದ ಮೇಲಿನ ಬೆಡ್‌ಶೀಟು ಎಳೆದು ಬಿಸಾಡಿದಳು, ಖಾನೆಯಿಂದ ಸೂಜಿದಾರ ತೆಗೆದಳು.

"ಬಾ ಇಲ್ಲಿ. ಊರಿಗೆಲ್ಲ ಹಲ್ಲು ಕಟ್ತೀಯ, ಅಂಗಿಗೊಂದು ಗುಂಡಿಗೆ ಗತಿಯಿಲ್ಲ."

ಅಂಗಿ ಅವನ ಮೈಮೇಲಿದ್ದ ಹಾಗೇ ಗುಂಡಿ ಹೊಲಿದಳು. ಎದೆಗೆ ಬಾಗಿ ದಾರ ಕಚ್ಚಿದಳು. ಟಕ್.

"ಗಂಜಿ ನೀನೇ ಕುಡಿ," ಎಂದಳು. "ನನಗೆ ಗಟ್ಟಿಯಾಗಿ ಏನಾದ್ರೂ ಬೇಯಿಸು."