ಸರಕಿ ತಿಂದ ಎಮ್ಮೆಯ ತುಪ್ಪ

ಸತ್ತೆವ್ವನ ತುಪ್ಪದಲ್ಲಿ ಡಾಲ್ಡಾದಂಥ ವನಸ್ಪತಿ ಬೆರೆತಿದೆ ಎಂದು, ಡೇರಿಯ ಕಟ್ಟೆಯ ಮೇಲೆ ನಿಂತು, ಸಾಲಿನಲ್ಲಿದ್ದ ಹೆಂಗಸರೆಲ್ಲ ಕೇಳುವಂತೆ ಹೇಳಿದವನು ಮುರಗೆಪ್ಪನೇ. ಬೇಡಕಿಹಾಳದ ಆ ಡೇರಿಯಲ್ಲಿ ತುಪ್ಪ ಪರೀಕ್ಷಿಸುವ ಕೆಲಸ ಅವನದು. ಬೆಣ್ಣೆಯ ಕೊಬ್ಬಿನಲ್ಲಿ ಬ್ಯುಟಿರಿಕ್ ಎಂಬ ಆಮ್ಲ ಅಡಗಿರುತ್ತದೆ; ಬೆಣ್ಣೆ ಕೆಟ್ಟಾಗ ಮೂಗಿಗೆ ಬಡಿಯುವ ವಾಸನೆ ಅದರದೇ. ವನಸ್ಪತಿಯಲ್ಲಿ ಅದು ಇರುವುದಿಲ್ಲ. ಪರೀಕ್ಷೆಯಲ್ಲಿ ಆ ಆಮ್ಲ ಕಡಿಮೆ ಬಂದರೆ ತುಪ್ಪ ಬೆರಕೆ ಎಂದು ಅವನು ಕಲಿತಿದ್ದ. ಸತ್ತೆವ್ವನದರಲ್ಲಿ ಕಡಿಮೆ ಬಂದಿತ್ತು.

ಡೇರಿ ಅವಳ ತುಪ್ಪ ಕೊಳ್ಳುವುದನ್ನು ನಿಲ್ಲಿಸಿತು. ಅಷ್ಟಕ್ಕೇ ಮುಗಿಯಲಿಲ್ಲ. ನೆರೆಯ ಕಾಳವ್ವನ ಮಗಳ ಬಾಣಂತನಕ್ಕೆ ಅವಳು ಕೊಟ್ಟಿದ್ದ ತುಪ್ಪ ಮುಟ್ಟದೆ ಹಾಗೇ ತಿರುಗಿ ಬಂತು.

ಆಮೇಲೊಂದು ದಿನ, ಡೇರಿ ಕೆಲಸದ ಪಾಠಕ್ಕೆಂದು ಮುರಗೆಪ್ಪ ಹೋಗುತ್ತಿದ್ದ ನಿಪ್ಪಾಣಿಯ ಸಂಜೆ ತರಗತಿಯಲ್ಲಿ ಮಾಸ್ತರರು ಮಾತಿನ ನಡುವೆ ಅಂದರು: “ಸರಕಿ ಬಾಳ ತಿಂದ ಎಮ್ಮಿ ತುಪ್ಪದಾಗ ಆ ಆಮ್ಲ ಕಮ್ಮೀನ ಇರ್ತೈತಿ. ತುಪ್ಪ ಮಾತ್ರ ಚೊಕ್ಕ.”

ಹಾಲು ಗಟ್ಟಿಯಾಗಲೆಂದು ಹತ್ತಿಬೀಜ, ಅಂದರೆ ಸರಕಿ, ನೆನೆಹಾಕಿ ತಿನಿಸುವ ಮನೆಯಲ್ಲೇ ಹುಟ್ಟಿದವನು ಮುರಗೆಪ್ಪ. ಆದರೂ ಎಮ್ಮೆ ಏನು ತಿನ್ನುತ್ತದೆಂದು ಸತ್ತೆವ್ವನನ್ನು ಕೇಳಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯದು ಎಂಬ ಯೋಚನೆ ಬಸ್ಸಿನಲ್ಲಿ ಬಂತು. ಹಾಗೆ ಯೋಚಿಸಿದೆನಲ್ಲ ಎಂದು ರಾತ್ರಿ ಊಟ ಸೇರಲಿಲ್ಲ.

ಮರುದಿನ ಅವಳ ಕೊಟ್ಟಿಗೆಗೆ ಹೋದ.

“ಮಾವಶಿ, ಎಮ್ಮಿಗಿ ಸರಕಿ ಹಾಕ್ತೀರೇನ್ರಿ?”

“ಬರೇ ಕಬ್ಬಿನ ಸೋಗಿ ತಿಂದ್ರ ಹಾಲ ನೀರಾಗ್ತೈತಿ. ಯಾಕ, ಈಗ ಎಮ್ಮೀನೂ ಬೆರಕಿ ಅಂತೀರೇನು?”

ಅವನು ತಡವರಿಸುತ್ತ ಎಲ್ಲ ಹೇಳಿದ. ಸತ್ತೆವ್ವ ಮೇವಿನ ಬುಟ್ಟಿಯನ್ನು ಗೋದಲಿಯ ಪಕ್ಕ ಇಟ್ಟಳು.

“ಅಂದ್ರ ನನ್ನ ಹೆಸರು ಕೆಡಿಸಿದ್ದು ಎಮ್ಮಿ?”

“ಎಮ್ಮಿ ಅಲ್ರಿ. ನಾನು.”

“ಗ್ವಾದಲಿ ಮುಂದ ನಿಂತ ಹೇಳಿದ್ರ ಎಮ್ಮಿ ಅಷ್ಟ ಕೇಳ್ತೈತಿ. ನಾಳಿ ಡೇರಿಗಿ ಬರ್ತೀನಿ.”

ಬೆಳಿಗ್ಗೆ ಅವನು ಕಟ್ಟೆ ಹತ್ತಿದ. ತಪ್ಪು ತನ್ನದು, ಸರಕಿಯ ವಿಷಯ ನಿಪ್ಪಾಣಿಯ ತರಗತಿಯಲ್ಲಿ ಈಗ ತಿಳಿಯಿತು, ಸತ್ತೆವ್ವನ ತುಪ್ಪ ಚೊಕ್ಕ ಎಂದ. ಸಾಲಿನ ಹಿಂದಿದ್ದವರಿಗೆ ಕೇಳಿಸಲಿಲ್ಲ. ದನಿ ಏರಿಸಿ ಮತ್ತೆ ಹೇಳಿದ. ಹೆಂಗಸರು ಮುಖಮುಖ ನೋಡಿಕೊಂಡರು.

“ನಾಳಿ ಆ ಸಾಲ್ಯಾಗ ಬ್ಯಾರೆ ಪಾಠ ಹೇಳಿದ್ರ?” ಸಾಲಿನಲ್ಲಿದ್ದ ಕಾಳವ್ವ ಕೇಳಿದಳು.

“ಮತ್ತ ಇಲ್ಲೇ ಬಂದ ಹೇಳ್ತೀನ್ರಿ.”

ಯಾರೋ ಕಿಸಕ್ಕನೆ ನಕ್ಕರು. ಸತ್ತೆವ್ವ ನಗಲಿಲ್ಲ. ತಂದಿದ್ದ ತುಪ್ಪದ ತಂಬಿಗೆಯನ್ನು ತಕ್ಕಡಿಯ ಮೇಲೆ ಇಡದೆ, ನೇರ ಕಾಳವ್ವನ ಕೈಗೆ ಕೊಟ್ಟಳು. ಕಾಳವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬಾಣಂತಿ ಮಗಳಿದ್ದ ಮನೆಯ ಕಡೆ ಹೊರಟಳು.