ತಮ್ಮ ಅಡ್ಡಡ್ಡ ತಲೆಯಾಡಿಸಿದ ದಿನ

“ಗಿರಾಕಿಯ ಕೋಟಿನ ಜೇಬಲ್ಲಿದ್ದ ಗಡಿಯಾರ ನೀನೇ ಕದ್ದೆಯಾ?” ಎಂದು ಪೊಲೀಸರು ಕೇಳಿದರು. ಅಕ್ಕನ ಜೊತೆ ಇಸ್ತ್ರಿ ಅಂಗಡಿ ನಡೆಸುವ ತಮ್ಮ ನಗುನಗುತ್ತಾ ಹೂಂ ಎಂಬಂತೆ ತಲೆಯಾಡಿಸಿಬಿಟ್ಟ.

ಅವನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಕಿವುಡರ ಶಾಲೆಯಲ್ಲಿ ಕಲಿತ ಸನ್ನೆ ಭಾಷೆ, ನಾಲ್ಕು ಅಕ್ಷರ ಅಷ್ಟೇ ಬರುತ್ತಿತ್ತು. ಆದರೆ ಅವನು ಮಡಚಿಟ್ಟ ಷರ್ಟಿಗೆ ಹೆಸರಿಡುವವರು ಆ ಬೀದಿಯಲ್ಲೇ ಇರಲಿಲ್ಲ. ಗಿರಾಕಿ ಏನೇ ಹೇಳಲಿ, ಅವನದು ಒಂದೇ ಉತ್ತರ. ಊಟ ಆಯ್ತಾ ಅಂದರೂ ಹೂಂ, ಅಂಗಡಿಗೆ ಬೆಂಕಿ ಬಿದ್ದಿದೆ ಅಂದರೂ ಹೂಂ. ಆ ಒಂದು ಹೂಂ ಅವನನ್ನು ಜೈಲಿಗೆ ಕಳಿಸಿತು.

ಅಕ್ಕ ಅಂಗಡಿಯ ಬಾಗಿಲು ಅರ್ಧ ಎಳೆದು ತಲೆಯ ಮೇಲೆ ಕೈಹೊತ್ತು ಕೂತಳು. ಎದುರು ಅಂಗಡಿಯ ಟೈಲರಮ್ಮ ಕತ್ತರಿ ಕೆಳಗಿಟ್ಟು ಓಡಿ ಬಂದಳು.

“ಕೋರ್ಟಲ್ಲೇ ಕಾನೂನು ನೆರವು ಕಚೇರಿ ಇದೆ ಕಣಕ್ಕಾ. ನಮ್ಮಂಥವರಿಗೆ ಸರ್ಕಾರದವರೇ ವಕೀಲರನ್ನ ಕೊಡ್ತಾರೆ. ಒಂದು ಪೈಸೆ ಕೇಳಲ್ಲ.”

“ಬಿಟ್ಟಿ ವಕೀಲರು ಏನು ಕಡಿದು ಕಟ್ಟೆ ಹಾಕ್ತಾರೆ?”

“ನಮ್ಮ ಭಾವನ ಕೇಸು ನಡೆಸಿದ್ದು ಅವರೇ. ಇವತ್ತು ಭಾವ ಬಿಡುಗಡೆಯಾಗಿ ಮನೇಲಿದ್ದಾರೆ. ಸುಮ್ನೆ ಏಳು ಮೇಲೆ!”

ಕಚೇರಿಯಲ್ಲಿ ಅರ್ಜಿ ಬರೆದುಕೊಟ್ಟ ಮಾರನೇ ದಿನವೇ ವಕೀಲೆಯೊಬ್ಬಳು ಅಂಗಡಿ ಹುಡುಕಿಕೊಂಡು ಬಂದಳು. ಅವಳ ಕರಿ ಕೋಟು ಮುದ್ದೆ ಮುದ್ದೆಯಾಗಿತ್ತು. ಮನುಷ್ಯರನ್ನು ಬಟ್ಟೆಯ ಇಸ್ತ್ರಿ ನೋಡಿ ಅಳೆಯುವ ಅಕ್ಕನ ಮುಖ ಇಳಿದುಹೋಯಿತು. “ಇವಳ ಕೋಟೇ ಹೀಗೆ. ಕೇಸು ಇನ್ನು ಹೇಗೋ!” ಎಂದು ಟೈಲರಮ್ಮನ ಕಿವಿಯಲ್ಲಿ ಗೊಣಗಿದಳು.

ವಕೀಲೆ ಕೂತವಳೇ ಕೇಳಿದಳು. “ಪೊಲೀಸರು ಪ್ರಶ್ನೆ ಕೇಳುವಾಗ ಸನ್ನೆ ಭಾಷೆ ಬಲ್ಲವರು ಯಾರಾದ್ರೂ ಪಕ್ಕದಲ್ಲಿದ್ರಾ?”

“ಯಾರೂ ಇರ್ಲಿಲ್ಲ ತಾಯಿ.”

“ಹಾಗಾದ್ರೆ ಪ್ರಶ್ನೆ ಏನು ಅಂತಲೇ ನಿಮ್ಮ ತಮ್ಮನಿಗೆ ಗೊತ್ತಾಗಿಲ್ಲ. ಗೊತ್ತಾಗದ ಪ್ರಶ್ನೆಗೆ ತಲೆಯಾಡಿಸಿದ್ರೆ ಅದು ತಪ್ಪೊಪ್ಪಿಗೆ ಹೇಗಾಗುತ್ತೆ?”

ಅಕ್ಕನ ಕಣ್ಣು ತುಂಬಿತು. “ಹಾಗೆ ತಲೆಯಾಡಿಸೋದು ಕಲಿಸಿದ್ದು ನಾನೇ ತಾಯಿ. ಗಿರಾಕಿಗಳಿಗೆ ಬೇಜಾರಾಗಬಾರದು ಅಂತ ಚಿಕ್ಕಂದಿನಲ್ಲೇ ಕಲಿಸಿದೆ.”

“ಈ ಮಾತನ್ನೇ ಬಂದು ನ್ಯಾಯಾಧೀಶರ ಮುಂದೆ ಹೇಳಿ.”

ವಕೀಲೆ ಸನ್ನೆ ಭಾಷೆಯವರೊಬ್ಬರನ್ನು ಕರೆದುಕೊಂಡು ಜೈಲಿಗೆ ಹೋದಳು. ವಾರದೊಳಗೆ ತಮ್ಮ ಜಾಮೀನಿನ ಮೇಲೆ ಮನೆಗೆ ಬಂದ. ಕೆಲವು ತಿಂಗಳಿಗೆ ವಿಚಾರಣೆ ಬಂತು. ಅವತ್ತು ಅಕ್ಕ ಅವನ ಷರ್ಟಿಗೆ ಎರಡೆರಡು ಸಲ ಇಸ್ತ್ರಿ ಹಾಕಿದಳು. ಕಟಕಟೆಯಲ್ಲಿ ನಿಂತು ಹೇಳಬೇಕಾದ್ದನ್ನು ಹೇಳಿಯೂ ಹೇಳಿದಳು.

ಆಮೇಲೆ ನ್ಯಾಯಾಧೀಶರು ತಮ್ಮನನ್ನು ಕೇಳಿದರು. “ಗಡಿಯಾರ ನೀವು ತಗೊಂಡ್ರಾ?” ಸನ್ನೆ ಭಾಷೆಯವರು ಅದನ್ನು ಕೈಯಲ್ಲಿ ಹೇಳಿದರು.

ತಮ್ಮ ತಲೆಯನ್ನು ಅಡ್ಡಡ್ಡ ಆಡಿಸಿದ. ಒಂದಲ್ಲ, ಮೂರು ಸಲ. ಮೂವತ್ತು ವರ್ಷದಲ್ಲಿ ಅವನು ಇಲ್ಲ ಅಂದದ್ದನ್ನು ಅಕ್ಕ ನೋಡಿದ್ದು ಅದೇ ಮೊದಲು. ಆಮೇಲೆ ಅವನ ಕೈಗಳು ಮಾತಾಡಿದವು, ಸನ್ನೆ ಭಾಷೆಯವರು ಅದನ್ನು ಬಾಯಲ್ಲಿ ಹೇಳುತ್ತಾ ಹೋದರು. ಇಸ್ತ್ರಿ ಪೆಟ್ಟಿಗೆ ಇಡುವ ಮುಂಚೆ ಜೇಬುಗಳನ್ನು ಹೊರಗೆಳೆದು ನೋಡುತ್ತೇನೆ, ಇಲ್ಲದಿದ್ದರೆ ಬಟ್ಟೆಯ ಮೇಲೆ ಅಚ್ಚು ಬೀಳುತ್ತದೆ. ಆ ಕೋಟಿನಲ್ಲಿ ಇದ್ದದ್ದು ಒಂದು ಬಾಚಣಿಗೆ, ಒಂದು ಕರವಸ್ತ್ರ. ಎರಡನ್ನೂ ಕೋಟಿನ ಮೇಲೇ ಇಟ್ಟು ಕೊಟ್ಟಿದ್ದೇನೆ. ಅಕ್ಕನ ಎದೆ ಹಿಗ್ಗಿತು. ಇವನು ನನ್ನ ತಮ್ಮ ಎಂದು ಕೋರ್ಟಿಗೆಲ್ಲಾ ಕೇಳುವಂತೆ ಕೂಗಬೇಕು ಅನ್ನಿಸಿತು.

ತಮ್ಮ ನಿರ್ದೋಷಿ ಎಂದು ತೀರ್ಪಾಯಿತು.

ಹೊರಗೆ ಬಂದಾಗ ಅಕ್ಕ ಕೈಚಾಚಿದಳು. “ಆ ಕೋಟು ಬಿಚ್ಚಿ ಕೊಡಿ ತಾಯಿ, ನನಗೆ ನೋಡೋಕಾಗ್ತಿಲ್ಲ.”

ವಕೀಲೆ ನಕ್ಕಳು. “ಬಿಟ್ಟಿ ಇಸ್ತ್ರಿ ಏನು ಚೆನ್ನಾಗಿರುತ್ತೆ?”

ತನ್ನ ಮಾತನ್ನು ಟೈಲರಮ್ಮ ಹೇಳಿಬಿಟ್ಟಿದ್ದಾಳೆ ಎಂದು ತಿಳಿದ ಅಕ್ಕ ನಾಚಿ ತಮ್ಮನ ಬೆನ್ನ ಹಿಂದೆ ಮುಖ ಮರೆಸಿಕೊಂಡಳು.

ಈಗ ಆ ಅಂಗಡಿಯಲ್ಲಿ ಒಂದು ಪಾಟಿ, ಬಳಪ ತೂಗುಹಾಕಿದೆ. ಗಿರಾಕಿ ಹೇಳಿದ್ದು ತಿಳಿಯದಿದ್ದರೆ ತಮ್ಮ ಅಡ್ಡಡ್ಡ ತಲೆಯಾಡಿಸಿ ಪಾಟಿಯನ್ನು ಮುಂದೆ ಹಿಡಿಯುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಪೈಕಿ ಯಾರನ್ನಾದರೂ ಪೊಲೀಸರು ಹಿಡಿದರೆ ಕೈಕಟ್ಟಿ ಕೂರಬೇಡಿ. ಹತ್ತಿರದ ಕೋರ್ಟಿಗೆ ಹೋಗಿ ಕಾನೂನು ನೆರವು ಎಲ್ಲಿ ಸಿಗುತ್ತದೆ ಎಂದು ಕೇಳಿ. ಭಾಷೆ ತಿಳಿಯದಿದ್ದರೆ ತಿಳಿಸಿ ಹೇಳುವವರು ಬೇಕು ಅನ್ನಿ. ಅರ್ಥವಾಗದ ಮಾತಿಗೆ ಹೂಂ ಅನ್ನಬೇಡಿ, ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಇದು ಯಾರೋ ಕರುಣೆಯಿಂದ ಕೊಡುವುದಲ್ಲ, ನಿಮ್ಮ ಹಕ್ಕು. ತಲೆಯೆತ್ತಿ ಕೇಳಿ.